ಬಾವಿನೀರಿನ ಪರೀಕ್ಷಾಪತ್ರವನ್ನು ಓದುವ ಕ್ರಮ

ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ವಿದ್ಯುತ್ತು ಅದರೊಳಗೆ ಸುಲಭವಾಗಿ ಹರಿಯುವದು. ಪ್ರಯೋಗಶಾಲೆಯವರು ಅಳೆಯುವದು ಇದನ್ನೇ. ಹಳೆಯ ಪತ್ರಗಳಲ್ಲಿ ಈ ಅಳತೆಗೆ ‘ಮ್ಹೋ’ ಎಂದಿರುವದು. 1971ರಲ್ಲಿ ಅದಕ್ಕೆ ‘ಸೀಮೆನ್ಸ್’ ಎಂಬ ಹೆಸರು ಅಂಗೀಕೃತವಾಯಿತು. ಹೆಸರು ಬೇರೆ, ಪ್ರಮಾಣ ಒಂದೇ.

ಚಿಕ್ಕೇರೂರಿನ ಜಮೀನುದಾರನೊಬ್ಬನಿಗೆ ಒಂದೇ ಕೊಳವೆಬಾವಿಯ ಬಗ್ಗೆ ಹಿಂದಿನ ಪತ್ರದಲ್ಲಿ 2.5, ಈಗಿನದರಲ್ಲಿ 2500 ಎಂದು ಬಂದರೆ, ನೀರು ಸಾವಿರ ಪಟ್ಟು ಉಪ್ಪಾಯಿತೆಂದು ಗಾಬರಿಯಾಗಿ ಬಾವಿಯನ್ನು ಮುಚ್ಚಿಸಬಾರದು. ಅಂಕೆಯ ಮುಂದಿನ ಮಾನವನ್ನು ಮೊದಲು ನೋಡತಕ್ಕದ್ದು. ಮೀಟರಿಗೆ 1 ಡೆಸಿಸೀಮೆನ್ಸ್ ಎಂದರೆ ಸೆಂಟಿಮೀಟರಿಗೆ 1 ಮಿಲಿಮ್ಹೋ. ಅದೇ ಸೆಂಟಿಮೀಟರಿಗೆ 1000 ಮೈಕ್ರೋಸೀಮೆನ್ಸ್.

ಡೆಸಿಸೀಮೆನ್ಸ್ ಅಂಕೆಯನ್ನು 640ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಮ್ ಉಪ್ಪೆಂಬುದು ಸುಮಾರಾಗಿ ತಿಳಿಯುವದು: 2.5ಕ್ಕೆ 1600. ಇಂಥ ನೀರನ್ನೇ ಸದಾ ಹಾಯಿಸಿದರೆ ಗೋವಿನಜೋಳದ ಇಳುವರಿ ಕಾಲುಭಾಗದಷ್ಟು ಕುಂದಬಹುದು, ಹತ್ತಿಯಾದರೋ ತಾಳಿಕೊಳ್ಳುವದು.