ಚಾಟ್ನಿಗೆ ಮುಂಚೆ ಮುಚ್ಚಿದ ಅಂಗಡಿ

ದ್ರಾಕ್ಷಿ ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿ ಇನ್ನೇನು ಶುರುವಾಗಬೇಕು ಅನ್ನುವ ಹೊತ್ತಿಗೆ ಬಬಲೇಶ್ವರದ ನನ್ನ ಗೊಬ್ಬರ–ಔಷಧಿ ಅಂಗಡಿ ಮುಚ್ಚಿದೆ. ಆ ನಿರ್ಧಾರಕ್ಕೆ ನಾನು ತೆತ್ತದ್ದು 6 ಲಕ್ಷ 40 ಸಾವಿರ ರೂಪಾಯಿ. ದ್ರಾಕ್ಷಿ ಸೀಮೆಯಲ್ಲಿ ಔಷಧಿ ಮಾರುವವನ ವ್ಯಾಪಾರದ ಬಹುಪಾಲು ಚಾಟ್ನಿಯಾದ ಮೇಲಿನ ಮೂರು ತಿಂಗಳಲ್ಲೇ ಆಗುವುದು. ಹಾಗಾಗಿ ‘ಸೀಜನ್ ಬಾಗಲಕ್ಕ ಬಂದಾಗ ಯಾರರೆ ಅಂಗಡಿ ಮುಚ್ತಾರೇನ್ರಿ ಸಾವಕಾರ್ರ?’ ಎಂದು ಕೇಳದವರಿಲ್ಲ. ಸೀಜನ್ನಿಗೆ ಮುಂಚೆ ಮುಚ್ಚಿದ್ದೇ ಸರಿ ಎಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಈಗ ಇದನ್ನು ಬರೆಯಬೇಕಾಗಿ ಬಂದದ್ದು ತಿಕೋಟಾದಲ್ಲಿ ಇಂಥದೇ ಅಂಗಡಿ ಇಟ್ಟಿರುವ ನಮ್ಮ ಬಳಗದ ಹುಡುಗನೊಬ್ಬನಿಂದ. ಅವನ ಅಪ್ಪನಿಗೆ ಡಯಾಲಿಸಿಸ್ ನಡೆದಿದೆ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್ ತುದಿ ಮುಟ್ಟಿದೆ. ‘ಕಾಕಾ, ದಿನದ ಸಾಲ ಒಂದ್ ಲಕ್ಷ ತಗೊಂಡು ಈ ಸೀಜನ್ ಒಂದ್ ದಾಟಸ್ತೀನ್ರಿ’ ಎಂದು ಫೋನಿನಲ್ಲಿ ಹೇಳಿದ. ಆ ದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮ ಭಾಗದಲ್ಲಿ ಇಂಥ ಅಂಗಡಿಗಳು ಇಷ್ಟು ಹೆಚ್ಚಿದ್ದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಬರಗಾಲದ ಈ ನೆಲಕ್ಕೆ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂತು. ನೀರಿನ ಹಿಂದೆ ದ್ರಾಕ್ಷಿ ಬಂತು, ದ್ರಾಕ್ಷಿಯ ಹಿಂದೆ ಒಣಹಾಕುವ ಶೆಡ್ಡು, ಕೋಲ್ಡ್ ಸ್ಟೋರೇಜು, ಅದರ ಹಿಂದೆ ನಮ್ಮಂಥ ಅಂಗಡಿಕಾರರು. ಡೌನಿ, ಬೂದಿ ರೋಗದ ಭಯಕ್ಕೆ ಮೋಡ ಕವಿದರೆ ಸಾಕು, ರೈತ ಅಂಗಡಿಗೆ ಓಡಿ ಬರುತ್ತಾನೆ. ರೊಕ್ಕ ಹಿಡಿದು ಬರುವವರು ಕಡಿಮೆ. ಒಣದ್ರಾಕ್ಷಿ ಮಾರಿದ ಮೇಲೆ ಕೊಡುವುದು ವಾಡಿಕೆ. 2020ರ ಲಾಕ್‌ಡೌನಿನಲ್ಲಿ ಹಸಿ ಹಣ್ಣಿಗೆ ಗಿರಾಕಿ ಇಲ್ಲದೆ ಒಣಹಾಕಿದವರೇ ಹೆಚ್ಚಾದರು. ಆಗ ಹಿಂದೆ ಬಿದ್ದ ನನ್ನ ವಸೂಲಿ ಆಮೇಲೆ ಸರಿದಾರಿಗೆ ಬರಲೇ ಇಲ್ಲ.

ನನಗೆ ಎದೆನೋವು ಬಂದದ್ದು ಅಂಗಡಿಯಲ್ಲೇ, 45 ಕೆಜಿಯ ಯೂರಿಯಾ ಚೀಲ ಎತ್ತುವಾಗ. ವಿಜಯಪುರದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಭಾರ ಎತ್ತುವಂತಿಲ್ಲ, ದಿನವಿಡೀ ಔಷಧಿಯ ವಾಸನೆಯಲ್ಲಿ ಕೂರುವಂತಿಲ್ಲ ಎಂದರು ಡಾಕ್ಟರು. ವಾರ್ಡಿನಲ್ಲಿ ಮಲಗಿದ್ದಾಗ ನನ್ನ ಹೆಂಡತಿ ಚೀಲದಿಂದ ಉದ್ರಿ ಪುಸ್ತಕ ತೆಗೆದಳು. ‘ಯಾರ್ ಎಷ್ಟ್ ಕೊಡೂದೈತಿ ಓದ್ರಿ, ನಾ ಬರೀತೀನಿ’ ಅಂದಳು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಮೊತ್ತ, ಕೊನೆಯ ಸಲ ಕೊಟ್ಟ ತಾರೀಖು ಎಂದು ನಾಲ್ಕು ಕಾಲಂ ಎಳೆದಳು. ಆ ನಾಲ್ಕನೆಯ ಕಾಲಂ ತುಂಬುತ್ತಾ ಹೋದಂತೆ ನನ್ನ ಅಂಗಡಿ ಯಾವ ಸ್ಥಿತಿಯಲ್ಲಿದೆ ಎಂಬುದು ನನಗೇ ಮೊದಲ ಸಲ ತಿಳಿಯಿತು.

ಈಗ ಲೆಕ್ಕಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದಿ, ಬೇಕಾದರೆ ಪೆನ್ನು ಹಿಡಿದು ಓದಿ.

90 ಸಾವಿರ ಕೊಟ್ಟು ತಂದ ಮಾಲನ್ನು 1 ಲಕ್ಷಕ್ಕೆ ಉದ್ರಿ ಕೊಟ್ಟೆ ಎನ್ನಿ. ಲಾಭ 10 ಸಾವಿರ ಎಂದು ಮನಸ್ಸು ಹೇಳುತ್ತದೆ. ಆದರೆ ಅಕ್ಟೋಬರಿನಲ್ಲಿ ಕೊಟ್ಟ ಮಾಲಿನ ಹಣ ಬರುವುದು ಯಾವಾಗ? ಹಣ್ಣು ಕೊಯ್ದು, ಒಣಗಿಸಿ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ದರ ಏರುವುದನ್ನು ಕಾದು, ತಾಸಗಾಂವಿಗೋ ವಿಜಯಪುರದ ಮಾರುಕಟ್ಟೆಗೋ ಕಳಿಸಿ, ರೈತನ ಕೈಗೆ ಹಣ ಬರುವಾಗ ಆಗಸ್ಟ್. ಹತ್ತು ತಿಂಗಳು. ಅಲ್ಲಿಯವರೆಗೆ ಆ 90 ಸಾವಿರ ನನ್ನದಲ್ಲ, ಸಿಸಿ ಖಾತೆಯದು. ವರ್ಷಕ್ಕೆ 12% ಬಡ್ಡಿಯಂತೆ 90 ಸಾವಿರಕ್ಕೆ ಹತ್ತು ತಿಂಗಳಿಗೆ 9 ಸಾವಿರ. ಉಳಿದ ಲಾಭ 1 ಸಾವಿರ. ಇನ್ನು ಇಪ್ಪತ್ತು ಮಂದಿಯಲ್ಲಿ ಒಬ್ಬ ಕೊಡುವುದೇ ಇಲ್ಲ. ಲಕ್ಷಕ್ಕೆ 5 ಸಾವಿರ ಅಲ್ಲಿ ಹೋಯಿತು. ಅಂದರೆ ಲಕ್ಷ ರೂಪಾಯಿ ಉದ್ರಿ ಮಾರಿದಾಗಲೆಲ್ಲ ಕೈಯಿಂದ 4 ಸಾವಿರ ಹೋಗುತ್ತಿತ್ತು.

ವರ್ಷಕ್ಕೆ ನನ್ನ ಉದ್ರಿ ಮಾರಾಟ 15 ಲಕ್ಷ: ನಷ್ಟ 60 ಸಾವಿರ. ರೋಖ ಮಾರಾಟ 10 ಲಕ್ಷ, ಅದರಲ್ಲಿ ಸಿಗುವುದು ನೂರಕ್ಕೆ 6: ಲಾಭ 60 ಸಾವಿರ. ಒಂದಕ್ಕೊಂದು ವಜಾ. 25 ಲಕ್ಷ ವಹಿವಾಟು ಮಾಡಿ ಕೈಗೆ ಬಂದದ್ದು ಸೊನ್ನೆ. ಬಾಡಿಗೆ 8 ಸಾವಿರ, ಆಳು ಹುಡುಗನ ಪಗಾರ 10 ಸಾವಿರ, ಲೈಟ್ ಬಿಲ್ಲು ಮತ್ತಿತರ 1 ಸಾವಿರ: ತಿಂಗಳಿಗೆ 19 ಸಾವಿರ, ವರ್ಷಕ್ಕೆ 2 ಲಕ್ಷ 28 ಸಾವಿರ, ಅಷ್ಟೂ ನಷ್ಟ. ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಕೂತ ನನ್ನ ಪಗಾರ ಇದರಲ್ಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಇದು: ಸೀಜನ್ ಎಷ್ಟು ಜೋರಾದರೆ ಅಷ್ಟು ಉದ್ರಿ, ಎಷ್ಟು ಉದ್ರಿ ಆದರೆ ಅಷ್ಟು ನಷ್ಟ. ‘ಇದೊಂದು ಸೀಜನ್ ಆಗಲಿ’ ಎನ್ನುವ ಮಾತು ಇಂಥ ಅಂಗಡಿಗೆ ಎಳ್ಳಷ್ಟೂ ಒಪ್ಪುವುದಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ರೊಕ್ಕ ಓಡಾಡುವುದನ್ನು ನೋಡಿ ವ್ಯಾಪಾರ ನಡೆದಿದೆ ಅಂದುಕೊಳ್ಳುತ್ತೇವೆ. ಓಡಾಡುತ್ತಿದ್ದದ್ದು ಬ್ಯಾಂಕಿನ ರೊಕ್ಕ.

ಮುಚ್ಚಿದ್ದಕ್ಕೆ ಆದ ಖರ್ಚು ಹೀಗೆ. ಕಪಾಟಿನಲ್ಲಿದ್ದ 7 ಲಕ್ಷದ ಮಾಲನ್ನು ನಾವಿಬ್ಬರೂ ನೆಲದ ಮೇಲೆ ಮೂರು ಗುಂಪಾಗಿ ಇಟ್ಟೆವು. ವಾಯಿದೆ ದೂರ ಇದ್ದ ಎರಡೂವರೆ ಲಕ್ಷದ ಮಾಲನ್ನು ಡಿಸ್ಟ್ರಿಬ್ಯೂಟರ್ ವಾಪಸ್ ತೆಗೆದುಕೊಂಡ. 3 ಲಕ್ಷದ ಮಾಲು ಬೇರೆ ಅಂಗಡಿಗಳಿಗೆ ನೂರಕ್ಕೆ ಮೂವತ್ತು ಕಡಿಮೆಗೆ ಹೋಯಿತು; 90 ಸಾವಿರ ನಷ್ಟ. ಒಂದೂವರೆ ಲಕ್ಷದ್ದು ವಾಯಿದೆ ಮುಗಿದದ್ದು. ಅದರಲ್ಲಿ ಬಹಳಷ್ಟು ‘ಲಿಂಕ್’ ಮಾಲು: ಯೂರಿಯಾ ಬೇಕಾದರೆ ಇದನ್ನೂ ಒಯ್ಯಿರಿ ಎಂದು ಹೇರಿದ್ದು, ರೈತ ಬೇಡವೆಂದದ್ದು. 14 ಲಕ್ಷ ಉದ್ರಿಯಲ್ಲಿ ಬಂದದ್ದು 10 ಲಕ್ಷ. ಈಗಲೇ ಕೊಟ್ಟರೆ ಇಷ್ಟು ಬಿಡುತ್ತೇನೆ ಎಂದು ಬಿಟ್ಟದ್ದೂ ಸೇರಿ 4 ಲಕ್ಷ ಹೋಯಿತು. ಒಟ್ಟು 6 ಲಕ್ಷ 40 ಸಾವಿರ. ಅಂಗಡಿಯನ್ನು ಇನ್ನು ಎರಡು ಮುಕ್ಕಾಲು ವರ್ಷ ನಡೆಸಿದ್ದರೆ ಹೆಚ್ಚುಕಡಿಮೆ ಇಷ್ಟೇ ಹಣ ಹೋಗುತ್ತಿತ್ತು. ಆಗ ಮುಚ್ಚಲು ಹೊರಟರೂ ಹಳಸಿದ ಮಾಲು, ಮುಳುಗಿದ ಉದ್ರಿ ಮತ್ತೆ ಎದುರಿಗೆ ಇರುತ್ತಿದ್ದವು, ನನ್ನ ಎದೆ ತಡೆಯುತ್ತಿತ್ತೋ ಇಲ್ಲವೋ.

ಬಂದ ಹಣ ಸಿಸಿ ಖಾತೆಗೆ, ಡಿಸ್ಟ್ರಿಬ್ಯೂಟರನ ಬಾಕಿಗೆ ಸರಿಹೋಯಿತು. ನಡುವಿನ ಬಡ್ಡಿಗೆ ಹೆಂಡತಿಯ ಪಾಟಲಿ ಮಾರಿದೆವು. ಅಡವಿಟ್ಟು ಬಡ್ಡಿ ಕಟ್ಟುತ್ತಾ ಕೂರುವುದಕ್ಕಿಂತ ಮಾರುವುದು ಮೇಲು ಎಂದು ನಿರ್ಧರಿಸಿದವಳು ಅವಳೇ. ಔಷಧೋಪಚಾರಕ್ಕೆಂದು ಅವಳ ಹೆಸರಿನಲ್ಲಿ ಇಟ್ಟಿದ್ದ 2 ಲಕ್ಷದ ಎಫ್‌ಡಿಯನ್ನು ಮಾತ್ರ ಸಾಲ ಕೊಟ್ಟ ಯಾರ ಮುಖ ನೋಡಿಯೂ ಮುಟ್ಟಲಿಲ್ಲ.

ಇನ್ನು ಆ ದಿನದ ಸಾಲ. ಇದರ ಬಗ್ಗೆ ಸಮಾಧಾನದಿಂದ ಬರೆಯಲು ನನ್ನಿಂದ ಆಗುವುದಿಲ್ಲ. 1 ಲಕ್ಷ ಎಂದು ಬರೆಸಿಕೊಂಡು 10 ಸಾವಿರ ಮೊದಲೇ ಮುರಿದುಕೊಂಡು 90 ಸಾವಿರ ಕೊಡುತ್ತಾರೆ. ದಿನಕ್ಕೆ ಸಾವಿರದಂತೆ ನೂರು ದಿನ ಕಟ್ಟಬೇಕು. ‘ಬರೇ ಹತ್ತು ಸಾವಿರ ಬಡ್ಡಿರಿ ಕಾಕಾ’ ಎಂದ ಹುಡುಗ. ಅಲ್ಲ ತಮ್ಮಾ, ಮಾರನೆಯ ದಿನದಿಂದಲೇ ನೀನು ಅಸಲು ತೀರಿಸುತ್ತಾ ಹೋಗುತ್ತೀ. ನೂರು ದಿನದಲ್ಲಿ ಸರಾಸರಿ ನಿನ್ನ ಹತ್ತಿರ ಇರುವುದು ಅರ್ಧದಷ್ಟು ಹಣ ಮಾತ್ರ. ಕರಾರುವಾಕ್ಕಾಗಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 78% ಬಡ್ಡಿ ಬೀಳುತ್ತದೆ. ರೋಖ ವ್ಯಾಪಾರದಲ್ಲಿ ನೂರಕ್ಕೆ ಆರು ಸಿಗುವವನು ದಿನಕ್ಕೆ ಸಾವಿರ ಕಟ್ಟಬೇಕಾದರೆ ದಿನಕ್ಕೆ 16 ಸಾವಿರಕ್ಕೂ ಮೇಲೆ ರೋಖ ಮಾರಬೇಕು. ತಿಕೋಟಾದ ಆ ಅಂಗಡಿ ಅಷ್ಟು ಮಾರುತ್ತದೆಯೇ? ಇಲ್ಲ. ಹಾಗಾದರೆ ಕಂತು ಹೋಗುವುದು ಮಾಲು ಮಾರಿದ ಅಸಲಿನಿಂದ. ಮೂರು ತಿಂಗಳಲ್ಲಿ ಕಪಾಟು ಖಾಲಿ.

ದಿನಾ ಮನೆ ಬಾಗಿಲಿಗೆ ಬಂದು ಹಣ ಒಯ್ಯುವ ಪದ್ಧತಿ ನಮ್ಮ ನಾಡಿನದೇ. 1928ರಲ್ಲಿ ಟಿ.ಎಂ.ಎ. ಪೈ ಅವರು ಉಡುಪಿಯ ತಮ್ಮ ಬ್ಯಾಂಕಿನಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದರಲ್ಲಿ, ಪಿಗ್ಮಿ ಠೇವಣಿ ಶುರು ಮಾಡಿದ್ದು ಬಡವನ ಕೈಯಲ್ಲಿ ಎರಡಾಣೆ ಉಳಿಯಲಿ ಎಂದು. ಅದೇ ಬೈಕು, ಅದೇ ಚೀಲ, ಅದೇ ಚಿಕ್ಕ ಪುಸ್ತಕ ಹಿಡಿದು ಈಗ ಬರುವವರು ಉಳಿದದ್ದನ್ನೂ ಒಯ್ಯುತ್ತಾರೆ. ಕರ್ನಾಟಕದ ಲೇವಾದೇವಿ ಕಾನೂನಿನಲ್ಲಿ ಬಡ್ಡಿಗೆ ಮಿತಿ ಇದೆ, ಭದ್ರತೆ ಇಲ್ಲದ ಸಾಲಕ್ಕೆ ವರ್ಷಕ್ಕೆ 16%. ಬಾಗಿಲಿಗೆ ಬಂದು ಕಾಡುವ ವಸೂಲಿಯ ವಿರುದ್ಧ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಜೈಲು ಎಂದಿತು. ಆಮೇಲೆ ಅದು ಕಾಯ್ದೆಯೂ ಆಯಿತು. ಇಷ್ಟಾದರೂ ಸಾಲ ಕೇಳಿಕೊಂಡು ಹೋಗುವವನು ಸ್ವತಃ ನಿಲ್ಲದಿದ್ದರೆ ಯಾವ ಕಾನೂನೂ ಮೊದಲ ದಿನವೇ ಬಂದು ಕೈ ಹಿಡಿಯುವುದಿಲ್ಲ.

ಹುಡುಗನ ಅಪ್ಪನ ಖರ್ಚಿನ ದಾರಿ ಬೇರೆಯೇ ಇದೆ. ಬಿಪಿಎಲ್ ಕಾರ್ಡಿನವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು, ಒಂದೂವರೆ ಲಕ್ಷದ ಮಿತಿಯೊಳಗೆ. ಊರಿನ ಕೃಷಿ ಪತ್ತಿನ ಸಹಕಾರ ಸಂಘದ (ಪಿಕೆಪಿಎಸ್) ಸದಸ್ಯರಾಗಿದ್ದರೆ 2022–23ರಲ್ಲಿ ಮತ್ತೆ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆಯಲ್ಲೂ ಕೇಳಿ ನೋಡಬಹುದು. ಅಂಗಡಿ ಇಟ್ಟವರು ‘ನಮಗೆಲ್ಲಿ ಸಿಗುತ್ತೆ’ ಎಂದು ಕೌಂಟರಿನಲ್ಲಿ ಕೇಳುವುದೇ ಇಲ್ಲ. ಕೇಳಬೇಕು. ಗುಳಿಗೆಗಳನ್ನು ಜನೌಷಧಿಯಲ್ಲಿ ಕೊಳ್ಳತೊಡಗಿದ ಮೇಲೆ ನನ್ನ ತಿಂಗಳ ಖರ್ಚು ಅರ್ಧಕ್ಕಿಂತ ಕೆಳಗಿಳಿದಿದೆ.

ಮರ್ಯಾದೆಯ ಮಾತು ಬಿಟ್ಟು ಹೋಗುವಂತಿಲ್ಲ, ಏಕೆಂದರೆ ಅಂಗಡಿಗಳು ಮುಚ್ಚದೆ ಉಳಿಯುವುದು ಲೆಕ್ಕಕ್ಕಿಂತ ಹೆಚ್ಚಾಗಿ ಅದರಿಂದಲೇ. 2019ರ ಜುಲೈನಲ್ಲಿ ಕಾಫಿ ಡೇ ಸಿದ್ಧಾರ್ಥ ತೀರಿಕೊಂಡಾಗ ಅವರ ಕಂಪನಿಗಳ ಮೇಲಿದ್ದ ಸಾಲ 7 ಸಾವಿರ ಕೋಟಿಯ ಆಸುಪಾಸು. 2020ರ ಡಿಸೆಂಬರಿನಲ್ಲಿ ಹೊಣೆ ಹೊತ್ತ ಅವರ ಪತ್ನಿ ಮಾಳವಿಕಾ ಹೆಗ್ಡೆ ಅವರ ಕಾಲದಲ್ಲಿ ನಡೆಯದ ಅಂಗಡಿಗಳನ್ನು ಮುಚ್ಚಲಾಯಿತು. ಬೆಂಗಳೂರಿನ ಗ್ಲೋಬಲ್ ವಿಲೇಜ್ ಪಾರ್ಕಿನಂಥ ಆಸ್ತಿ ಮಾರಿ ಬಂದ ಹಣದಿಂದಲೂ ಸಾಲ ಇಳಿಯಿತು. ಅಷ್ಟು ದೊಡ್ಡವರು ಮಾರಿ ತೀರಿಸಿದರೆ ಜನ ಮೆಚ್ಚುತ್ತಾರೆ. ಬಬಲೇಶ್ವರದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯವನು ಶಟರ್ ಎಳೆದರೆ ಅದೇಕೆ ತಲೆ ತಗ್ಗಿಸಬೇಕು? ಸಾಲದ ಚಿಂತೆಯಲ್ಲಿ ಬದುಕೇ ಬೇಡವೆನಿಸಿದವರು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಅಭ್ಯಾಸಗಳ ಬಗ್ಗೆ ಹೇಳದೆ ಮನಸ್ಸು ತಡೆಯದು. ಅಂಗಡಿಯ ಗಲ್ಲಾದಿಂದ ತೆಗೆದು ಮನೆಯ ಕಿರಾಣಿ ತರುವುದು, ಆಯೇರಿ ಮಾಡುವುದು, ಜಾತ್ರೆ ಪಟ್ಟಿ ಕೊಡುವುದು ನಮ್ಮಲ್ಲಿ ರೂಢಿ. ತಿಂಗಳಿಗೆ ಇಷ್ಟು ಎಂದು ನಿಮಗೆ ನೀವೇ ಪಗಾರ ಕೊಟ್ಟುಕೊಳ್ಳಿ, ಉಳಿದದ್ದಕ್ಕೆ ಕೈ ಹಾಕಬೇಡಿ. ಬಾಕಿ ಕೇಳಲು ನಾಚಬೇಡಿ. ಹಳೆಯದು ತೀರದೆ ಹೊಸ ಉದ್ರಿ ಕೊಡಬೇಡಿ, ಬೀಗರಾದರೂ ಸರಿಯೇ. ಮನೆಯ ಹೆಂಗಸರಿಗೆ ಸಾಲದ ಮೊತ್ತ ಗೊತ್ತಿರಲಿ. ನಮ್ಮ ಮನೆಯಲ್ಲಿ ಗೊತ್ತಾದ ಮೇಲೆಯೇ ಕೆಲಸ ಮುಂದೆ ಸಾಗಿದ್ದು.

ಮುಚ್ಚುವಾಗಿನ ಕಾಗದಪತ್ರಕ್ಕೆ ಬಹಳ ಜನ ಅಸಡ್ಡೆ ಮಾಡುತ್ತಾರೆ. ಪ್ರೊಪ್ರೈಟರ್ ಅಂಗಡಿಯ ಸಾಲ ಅಂಗಡಿಯ ಜೊತೆ ಮುಗಿಯುವುದಿಲ್ಲ, ಅದು ನಿಮ್ಮ ಸ್ವಂತ ಸಾಲ. ಆದ್ದರಿಂದ ತೊಂಬತ್ತು ದಿನ ಬಾಕಿಯಾಗಿ ಖಾತೆ ಎನ್‌ಪಿಎ ಆಗುವ ಮೊದಲೇ ಬ್ಯಾಂಕಿಗೆ ಹೋಗಿ, ಸಿಸಿಯನ್ನು ಕಂತಿನ ಸಾಲವಾಗಿ ಮಾಡಿಕೊಡಲು ಕೇಳಿ. ಒಟಿಎಸ್ (ಒಂದೇ ಸಲ ಕಟ್ಟಿ ಮುಗಿಸುವ ರಾಜಿ) ಆಮೇಲಿನ ಮಾತು. ಹಾಗೆ ತೀರಿಸಿದರೆ ಸಿಬಿಲ್‌ನಲ್ಲಿ ‘ಸೆಟಲ್ಡ್’ ಎಂದು ಉಳಿಯುತ್ತದೆ. ಡಿಸ್ಟ್ರಿಬ್ಯೂಟರಿಗೆ ಭದ್ರತೆಗೆಂದು ಕೊಟ್ಟ ಖಾಲಿ ಚೆಕ್ಕುಗಳನ್ನು ಬಾಕಿ ತೀರಿಸಿದ ದಿನವೇ ಎಣಿಸಿ ವಾಪಸ್ ತನ್ನಿ. ಒಂದು ಚೆಕ್ ಅಲ್ಲೇ ಉಳಿದರೂ ನಾಳೆ ಬೌನ್ಸ್ ಕೇಸಿಗೆ ಕೋರ್ಟು ಸುತ್ತಬೇಕಾದೀತು. ಜಿಎಸ್‌ಟಿ ನಂಬರನ್ನು ರದ್ದು ಮಾಡಿಸಿ, ಮೂರು ತಿಂಗಳೊಳಗೆ ಜಿಎಸ್‌ಟಿಆರ್–10 ಹಾಕಿ. ಶಟರ್ ಎಳೆದರೂ ನಂಬರ್ ಜೀವಂತ ಇದ್ದರೆ ಸೊನ್ನೆ ರಿಟರ್ನಿಗೂ ದಿನಕ್ಕೆ 20 ರೂಪಾಯಿ ದಂಡ. ಉಳಿದ ಮಾಲಿನ ಮೇಲೆ ಪಡೆದ ಇನ್‌ಪುಟ್ ತೆರಿಗೆಯನ್ನು ಮರಳಿ ಕಟ್ಟಬೇಕು. ವಾಯಿದೆ ಮುಗಿದ ನನ್ನ ಒಂದೂವರೆ ಲಕ್ಷದ ಔಷಧಿಗೆ 18%ರಂತೆ 27 ಸಾವಿರ ಬೇರೆಯೇ ಹೋಯಿತು. ಉದ್ರಿಯ ಬಾಕಿಗೆ ಕಾನೂನಿನ ಆಯುಷ್ಯ ಮೂರು ವರ್ಷ. ಅದು ಮುಗಿಯುವ ಮೊದಲು ಮೊತ್ತ, ತಾರೀಖು ಬರೆದು ರೈತನ ಸಹಿ ಹಾಕಿಸಿಕೊಂಡರೆ ಮತ್ತೆ ಮೂರು ವರ್ಷ ಸಿಗುತ್ತದೆ. ಸುಗ್ಗಿಯ ಸಮಯದಲ್ಲಿ, ಅವನ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಹೋಗಿ. ಆಗ ಸಹಿಯ ಜೊತೆ ಸ್ವಲ್ಪ ಹಣವನ್ನೂ ಕೊಡುತ್ತಾನೆ.