ಉಗುರುಬೆಚ್ಚಗೆ ಅಂದ್ರೆ ಎಷ್ಟು ಡಿಗ್ರಿ? – ಸಾಫ್ಟ್ ಕಂಪ್ಯೂಟಿಂಗ್ ಓದೋದು ಹೇಗೆ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ರೂಮಿನ ಸೆಕೆ ನೋಡಿಕೊಂಡು ತಾನೇ ವೇಗ ಬದಲಿಸೋ ಫ್ಯಾನ್. ಹೆಸರು ಮಾತ್ರ ಜೋರಾಗಿತ್ತು: 'ಫಝಿ ಲಾಜಿಕ್ ಆಧಾರಿತ ಸ್ಮಾರ್ಟ್ ಫ್ಯಾನ್'. ಒಂದು ಲೈಬ್ರರಿ ಇನ್‌ಸ್ಟಾಲ್ ಮಾಡಿ, ಸಿಕ್ಕಿದ ಕೋಡ್‌ನಲ್ಲಿ ಹೆಸರುಗಳನ್ನು ಬದಲಿಸಿ ಡೆಮೋ ಕೊಟ್ವಿ. ಫ್ಯಾನೇನೋ ತಿರುಗಿತು. ರಿವ್ಯೂಗೆ ಬಂದಿದ್ದ ಸರ್ ಒಂದೇ ಪ್ರಶ್ನೆ ಕೇಳಿದರು: "ಸ್ಕ್ರೀನ್ ಮೇಲೆ 'ಸೆಕೆ 0.6' ಅಂತ ಇದೆಯಲ್ಲ, ಹಾಗಂದ್ರೇನು?" ನಾವು "ಸೆಕೆ ಆಗೋ ಚಾನ್ಸ್ 60 ಪರ್ಸೆಂಟ್ ಸರ್" ಅಂದ್ವಿ. ಅವರು ಏನೂ ಹೇಳದೆ ಮಾರ್ಕ್ಸ್ ಬರೆದುಕೊಂಡು ಮುಂದಿನ ಟೀಮ್‌ಗೆ ಹೋದರು.

ಆ ಉತ್ತರ ತಪ್ಪು. ಯಾಕೆ ತಪ್ಪು ಅಂತ ಗೊತ್ತಾಗಿದ್ದು ನಮ್ಮ ಡಿಪಾರ್ಟ್‌ಮೆಂಟಲ್ಲೇ ಎಂ.ಟೆಕ್ ಓದುತ್ತಿರುವ ಒಬ್ಬ ಅಕ್ಕನ ಹತ್ತಿರ ಹೋಗಿ ಕೂತಾಗ. ಅವರಿಗೆ ಸಾಫ್ಟ್ ಕಂಪ್ಯೂಟಿಂಗ್ ಒಂದು ಪೂರ್ತಿ ಸಬ್ಜೆಕ್ಟ್. ನಮ್ಮ ಲ್ಯಾಪ್‌ಟಾಪ್ ಮುಚ್ಚಿಸಿ, "ಮೊದಲು ಪೆನ್ನು ಪೇಪರ್ ತಗೊಳ್ಳಿ" ಅಂದ್ರು. ಅವತ್ತು ಕೈಯಲ್ಲಿ ಮಾಡಿದ ಲೆಕ್ಕಗಳನ್ನೇ ಇಲ್ಲಿ ಬರೆಯುತ್ತಿದ್ದೇವೆ. ಮುಂದೆ ಎಂ.ಟೆಕ್ ಮಾಡಬೇಕು ಅಂತಿರೋರಿಗೂ, ಪ್ರಾಜೆಕ್ಟ್‌ಗೆ ಈ ಟಾಪಿಕ್ ತಗೊಳ್ಳೋರಿಗೂ ಉಪಯೋಗ ಆಗಬಹುದು.

ಸಾಫ್ಟ್ ಅಂದ್ರೆ ಏನು?

ಮನೆಯಲ್ಲಿ ಅಮ್ಮ "ಹಾಲು ಉಗುರುಬೆಚ್ಚಗಿದ್ದಾಗ ಹೆಪ್ಪು ಹಾಕು" ಅಂತಾರೆ. ನಾವು ಯಾರೂ "ಎಷ್ಟು ಡಿಗ್ರಿ?" ಅಂತ ಕೇಳಲ್ಲ. ಬೆರಳು ಅದ್ದಿ ನೋಡ್ತೀವಿ, ಹಾಕ್ತೀವಿ, ಮೊಸರು ಆಗತ್ತೆ. ಆದರೆ ಕಂಪ್ಯೂಟರ್‌ಗೆ 'ಉಗುರುಬೆಚ್ಚಗೆ' ಅನ್ನೋದನ್ನು ಹೇಳಿಕೊಡೋದು ಹೇಗೆ? 35ರಿಂದ 42 ಡಿಗ್ರಿ ಅಂತ ಗೆರೆ ಎಳೆದರೆ 42.1 ಡಿಗ್ರಿ ಇರೋ ಹಾಲು ಪೂರ್ತಿ ಹೊರಗೆ ಹೋಗತ್ತೆ. ಆ 0.1 ಡಿಗ್ರಿ ನಮ್ಮ ಬೆರಳಿಗೆ ಗೊತ್ತೇ ಆಗಲ್ಲ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಲೋಟ್ಫಿ ಝಾದೆ 1965ರಲ್ಲಿ ಈ ಗೆರೆಯನ್ನೇ ಪ್ರಶ್ನೆ ಮಾಡಿದರು. ಒಂದು ವಸ್ತು ಒಂದು ಸೆಟ್‌ನ ಒಳಗಿದೆ ಅಥವಾ ಹೊರಗಿದೆ ಅಂತ ಎರಡೇ ಯಾಕೆ? 0ಯಿಂದ 1ರ ನಡುವೆ 'ಎಷ್ಟರಮಟ್ಟಿಗೆ ಒಳಗಿದೆ' ಅಂತ ಯಾಕೆ ಹೇಳಬಾರದು? ಅದೇ ಫಝಿ ಸೆಟ್. 1990ರ ದಶಕದ ಶುರುವಿನಲ್ಲಿ ಅವರೇ ಫಝಿ ಲಾಜಿಕ್, ನ್ಯೂರಲ್ ನೆಟ್‌ವರ್ಕ್, ಜೆನೆಟಿಕ್ ಅಲ್ಗಾರಿದಮ್ ಮುಂತಾದವುಗಳನ್ನು 'ಸಾಫ್ಟ್ ಕಂಪ್ಯೂಟಿಂಗ್' ಅನ್ನೋ ಹೆಸರಿನ ಕೆಳಗೆ ತಂದರು. ಇವೆಲ್ಲದರ ಒಳಗಿರೋ ಯೋಚನೆ ಒಂದೇ: ಪೂರ್ತಿ ನಿಖರವಾದ ಉತ್ತರ ಹುಡುಕೋಕೆ ತುಂಬಾ ಸಮಯ, ತುಂಬಾ ಖರ್ಚು ಆಗೋ ಕಡೆ ಸ್ವಲ್ಪ ಅಸ್ಪಷ್ಟತೆಯನ್ನು ಒಪ್ಪಿಕೊಂಡು, ಕೆಲಸಕ್ಕೆ ಸಾಕಾಗೋ ಉತ್ತರವನ್ನು ಬೇಗ ಪಡೆಯೋದು.

ಇಲ್ಲಿ ಒಂದು ಎಚ್ಚರಿಕೆ. 'ಸಾಫ್ಟ್' ಅಂದ ಮಾತ್ರಕ್ಕೆ ಲೆಕ್ಕ ಸಡಿಲ ಅಂತಲ್ಲ. ಸಡಿಲ ಇರೋದು ನಮ್ಮ ಪದ, ನಮ್ಮ ಮಾಹಿತಿ. ಲೆಕ್ಕ ಮಾತ್ರ ಪಕ್ಕಾ ಇರತ್ತೆ.

ಫ್ಯಾನ್ ಲೆಕ್ಕ, ಕೈಯಲ್ಲಿ

ಮೂರು ಪದ ಇಟ್ಟುಕೊಳ್ಳೋಣ: ತಂಪು, ಹಿತ, ಸೆಕೆ.

ತಂಪು: 20 ಡಿಗ್ರಿ ಮತ್ತು ಅದಕ್ಕಿಂತ ಕಡಿಮೆ ಇದ್ದರೆ 1. ಅಲ್ಲಿಂದ ನೇರ ಗೆರೆಯಲ್ಲಿ ಇಳಿದು 25ಕ್ಕೆ 0.
ಹಿತ: 20ಕ್ಕೆ 0, 25ಕ್ಕೆ 1, 30ಕ್ಕೆ ಮತ್ತೆ 0. ಒಂದು ತ್ರಿಕೋನ.
ಸೆಕೆ: 25ಕ್ಕೆ 0, 30 ಮತ್ತು ಅದಕ್ಕಿಂತ ಹೆಚ್ಚಿದ್ದರೆ 1.

ನಿಯಮವೂ ಮೂರು. ತಂಪಿದ್ದರೆ ಫ್ಯಾನ್ ನಿಮಿಷಕ್ಕೆ 100 ಸುತ್ತು. ಹಿತವಾಗಿದ್ದರೆ 200. ಸೆಕೆಯಿದ್ದರೆ 350.

ಈಗ ರೂಮಿನಲ್ಲಿ 28 ಡಿಗ್ರಿ ಇದೆ ಅಂದ್ಕೊಳ್ಳಿ. ಹಿತ = (30 − 28) ÷ 5 = 0.4. ಸೆಕೆ = (28 − 25) ÷ 5 = 0.6. ತಂಪು 0. ಅಂದ್ರೆ ಎರಡು ನಿಯಮಗಳು ಒಟ್ಟಿಗೇ ಕೆಲಸ ಮಾಡುತ್ತವೆ, ಒಂದು ಸ್ವಲ್ಪ ಕಡಿಮೆ, ಇನ್ನೊಂದು ಸ್ವಲ್ಪ ಜಾಸ್ತಿ. ತೂಕದ ಸರಾಸರಿ ತಗೊಂಡರೆ: 0.4 × 200 + 0.6 × 350 = 80 + 210 = 290 ಸುತ್ತು.

28.1 ಡಿಗ್ರಿಗೆ ಇದೇ ಲೆಕ್ಕ ಮಾಡಿದರೆ 293 ಬರತ್ತೆ. ಇದರ ಬದಲು '28 ದಾಟಿದರೆ 350, ಇಲ್ಲದಿದ್ದರೆ 200' ಅಂತ ಬರೆದಿದ್ದರೆ ಫ್ಯಾನ್ ಒಂದೇ ಸಲ 150 ಸುತ್ತು ಹಾರುತ್ತಿತ್ತು. ಉಷ್ಣಾಂಶ 28ರ ಆಸುಪಾಸಿನಲ್ಲಿ ಆಡುತ್ತಿದ್ದರೆ ಫ್ಯಾನ್ ರಾತ್ರಿಯಿಡೀ ಏರೋದು ಇಳಿಯೋದು ಮಾಡ್ತಾ ಇರತ್ತೆ.

ಇದು ಆಟದ ಉದಾಹರಣೆ ಅಂತ ಅನ್ನಿಸಬಹುದು. ಆದರೆ ಲಂಡನ್‌ನ ಕ್ವೀನ್ ಮೇರಿ ಕಾಲೇಜಿನಲ್ಲಿ ಇಬ್ರಾಹಿಂ ಮಮ್ದಾನಿ ಮತ್ತು ಅವರ ವಿದ್ಯಾರ್ಥಿ ಅಸಿಲಿಯನ್ 1975ರಲ್ಲಿ ಪ್ರಕಟಿಸಿದ ಕೆಲಸದ ದಾರಿಯೂ ಇದೇ. ಉಗಿ ಎಂಜಿನ್ ನಡೆಸೋ ಮನುಷ್ಯ ಬಾಯಲ್ಲಿ ಹೇಳೋ ಥರದ ನಿಯಮಗಳಿಂದಲೇ ಅವರು ಒಂದು ಚಿಕ್ಕ ಉಗಿ ಎಂಜಿನ್ ಅನ್ನು ನಿಯಂತ್ರಿಸಿದರು. 1987ರಲ್ಲಿ ಶುರುವಾದ ಜಪಾನಿನ ಸೆಂಡಾಯ್ ಮೆಟ್ರೋದಲ್ಲಿ ರೈಲಿನ ವೇಗ ಮತ್ತು ಬ್ರೇಕ್‌ಗೆ ಹಿಟಾಚಿ ಮಾಡಿದ ಫಝಿ ನಿಯಂತ್ರಣ ಇತ್ತು. ನಿಂತಿರೋ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸದ ಹಾಗೆ ರೈಲು ನಿಲ್ಲಿಸೋದು ಅಲ್ಲಿನ ಒಂದು ಮುಖ್ಯ ಉದ್ದೇಶ.

0.6 ಅಂದ್ರೆ 60 ಪರ್ಸೆಂಟ್ ಚಾನ್ಸ್ ಅಲ್ಲ

ಈಗ ನಮ್ಮ ತಪ್ಪಿಗೆ ಬರೋಣ. "ನಾಳೆ ಮಳೆ ಬರೋ ಸಂಭವ 0.6" ಅಂದ್ರೆ ನಾಳೆ ಸಂಜೆಯ ಹೊತ್ತಿಗೆ ಆ ಸಂಖ್ಯೆಗೆ ಕೆಲಸ ಇರಲ್ಲ. ಮಳೆ ಬಂದಿರತ್ತೆ ಅಥವಾ ಬಂದಿರಲ್ಲ. ಗೊತ್ತಿಲ್ಲದ್ದು ಗೊತ್ತಾಯಿತು, ಮುಗೀತು. ಆದರೆ "ಈಗ ಬರ್ತಾ ಇರೋ ಮಳೆ 0.6ರಷ್ಟು ಜೋರು" ಅನ್ನೋದು ಬೇರೆ ಮಾತು. ಮಳೆ ಕಣ್ಣೆದುರೇ ಇದೆ, ಎಷ್ಟು ಮಿಲಿಮೀಟರ್ ಅಂತಲೂ ಅಳೆದಿದ್ದೇವೆ. ಗೊತ್ತಿಲ್ಲದ್ದು ಏನೂ ಉಳಿದಿಲ್ಲ. ಆದರೂ 0.6 ಹಾಗೇ ಉಳಿಯತ್ತೆ, ಯಾಕಂದ್ರೆ ಅಸ್ಪಷ್ಟತೆ ಇರೋದು 'ಜೋರು' ಅನ್ನೋ ಪದದಲ್ಲಿ.

ನಮ್ಮ ಫ್ಯಾನಿನಲ್ಲೂ ಅಷ್ಟೇ. ಉಷ್ಣಾಂಶ 28 ಅಂತ ಸೆನ್ಸರ್ ಹೇಳಿದೆ. ಅದರಲ್ಲಿ ಚಾನ್ಸ್ ಎಲ್ಲಿಂದ ಬಂತು?

ಲೆಕ್ಕದಲ್ಲೂ ವ್ಯತ್ಯಾಸ ಕಾಣತ್ತೆ. ಸಂಭವನೀಯತೆಯಲ್ಲಿ 'ಮಳೆ ಬರತ್ತೆ ಅಥವಾ ಬರಲ್ಲ' ಅನ್ನೋದರ ಬೆಲೆ ಯಾವಾಗಲೂ 1. ಫಝಿಯಲ್ಲಿ 'ಅಥವಾ'ಗೆ ಸಾಮಾನ್ಯವಾಗಿ ದೊಡ್ಡದನ್ನು ತಗೋತೀವಿ. 'ಸೆಕೆ' 0.6, 'ಸೆಕೆ ಅಲ್ಲ' 0.4. 'ಸೆಕೆ ಅಥವಾ ಸೆಕೆ ಅಲ್ಲ' ಅಂದ್ರೆ ಇವೆರಡರಲ್ಲಿ ದೊಡ್ಡದು, 0.6 ಮಾತ್ರ, 1 ಅಲ್ಲ. ಪಿಯುಸಿಯಿಂದ ಓದಿಕೊಂಡು ಬಂದ ಸೆಟ್ ಥಿಯರಿಯ ಒಂದು ನಿಯಮವೇ ಇಲ್ಲಿ ಬಿದ್ದುಹೋಯಿತು. ಅಕ್ಕ ಹೇಳಿದ ಪ್ರಕಾರ ಡಿಗ್ರಿಯಲ್ಲಿ "ಫಾರ್ಮುಲಾ ಹಾಕಿ ಉತ್ತರ ತೆಗೆ" ಅಂತಾರೆ, ಎಂ.ಟೆಕ್‌ನಲ್ಲಿ "ಯಾವ ನಿಯಮ ಉಳಿಯಿತು, ಯಾವುದು ಬಿತ್ತು, ಯಾಕೆ" ಅಂತ ಕೇಳ್ತಾರೆ.

ನಿಯಮ ಗೊತ್ತಿಲ್ಲದಿದ್ದರೆ: ನ್ಯೂರಲ್ ನೆಟ್‌ವರ್ಕ್

ಫ್ಯಾನಿಗೆ ನಿಯಮ ನಾವೇ ಬರೆದ್ವಿ. ಕೈಬರಹದ 'ಅ' ಗುರುತಿಸೋಕೆ ನಿಯಮ ಬರೆಯೋಕಾಗತ್ತಾ? ಅಲ್ಲಿ ಉದಾಹರಣೆ ತೋರಿಸಿ ಕಲಿಸಬೇಕು. ಇದರ ಅತಿ ಚಿಕ್ಕ ಘಟಕ ಪರ್ಸೆಪ್ಟ್ರಾನ್, ಫ್ರಾಂಕ್ ರೋಸೆನ್‌ಬ್ಲಾಟ್ 1958ರಲ್ಲಿ ವಿವರಿಸಿದ್ದು. ಎರಡು ಇನ್‌ಪುಟ್‌ಗಳನ್ನು ಒಂದೊಂದು ತೂಕದಿಂದ ಗುಣಿಸಿ ಕೂಡಿಸು. ಮೊತ್ತ ಒಂದು ಮಿತಿಗಿಂತ ಜಾಸ್ತಿಯಾದರೆ 1, ಇಲ್ಲದಿದ್ದರೆ 0.

ಇದಕ್ಕೆ ಹಾಸ್ಟೆಲ್ ಮೆಟ್ಟಿಲಿನ ಬಲ್ಬ್ ಕಲಿಸೋಣ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ಎರಡರಲ್ಲಿ ಒಂದೇ ಆನ್ ಇದ್ದರೆ ಬಲ್ಬ್ ಉರಿಯತ್ತೆ. ಎರಡೂ ಆಫ್ ಅಥವಾ ಎರಡೂ ಆನ್ ಇದ್ದರೆ ಉರಿಯಲ್ಲ. ಇದೇ ಎಕ್ಸಾರ್. ಸ್ವಿಚ್‌ಗಳ ತೂಕ 'ಕ' ಮತ್ತು 'ಖ', ಮಿತಿ 'ಮ' ಅಂದ್ಕೊಳ್ಳಿ.

ಎರಡೂ ಆಫ್, ಬಲ್ಬ್ ಆರಿರಬೇಕು: 0 ≤ ಮ
ಮೊದಲನೆಯದು ಮಾತ್ರ ಆನ್, ಉರಿಯಬೇಕು: ಕ > ಮ
ಎರಡನೆಯದು ಮಾತ್ರ ಆನ್, ಉರಿಯಬೇಕು: ಖ > ಮ
ಎರಡೂ ಆನ್, ಆರಿರಬೇಕು: ಕ + ಖ ≤ ಮ

ನಡುವಿನ ಎರಡು ಸಾಲು ಕೂಡಿಸಿದರೆ ಕ + ಖ > 2ಮ. ಮ ಋಣ ಸಂಖ್ಯೆ ಅಲ್ಲವಾದ್ದರಿಂದ 2ಮ ≥ ಮ. ಹಾಗಾಗಿ ಕ + ಖ > ಮ. ಇದು ಕೊನೆಯ ಸಾಲಿಗೆ ನೇರ ವಿರುದ್ಧ. ಅಂದ್ರೆ ಎಷ್ಟೇ ಡೇಟಾ ಕೊಡಿ, ಎಷ್ಟು ದಿನ ಬೇಕಾದರೂ ಟ್ರೈನ್ ಮಾಡಿ, ಒಂಟಿ ಪರ್ಸೆಪ್ಟ್ರಾನ್ ಈ ಬಲ್ಬನ್ನು ಕಲಿಯೋದೇ ಇಲ್ಲ. ಮಿನ್‌ಸ್ಕಿ ಮತ್ತು ಪೇಪರ್ಟ್ 1969ರ ತಮ್ಮ ಪುಸ್ತಕದಲ್ಲಿ ಇಂಥ ಮಿತಿಗಳನ್ನು ತೋರಿಸಿದ ಮೇಲೆ ಈ ಕ್ಷೇತ್ರದ ಉತ್ಸಾಹ ಬಹಳ ವರ್ಷ ತಣ್ಣಗಾಯಿತು. ನಡುವೆ ಇನ್ನೊಂದು ಪದರ ಹಾಕಿದರೆ ಎಕ್ಸಾರ್ ಸಾಧ್ಯ. ಆ ಪದರಗಳ ತೂಕವನ್ನು ಕಲಿಸೋ ಬ್ಯಾಕ್‌ಪ್ರೊಪಗೇಶನ್ ವಿಧಾನವನ್ನು ರೂಮಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ 1986ರಲ್ಲಿ ಜನಪ್ರಿಯ ಮಾಡಿದರು. ಅದೇ ಹಿಂಟನ್ 2024ರಲ್ಲಿ ಹಾಪ್‌ಫೀಲ್ಡ್ ಜೊತೆ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡರು. ನಾಲ್ಕು ಸಾಲಿನ ಲೆಕ್ಕದ ಹಿಂದೆ ಇಷ್ಟು ಕಥೆ ಇದೆ.

ಎಲ್ಲವನ್ನೂ ನೋಡೋಕೆ ಸಮಯ ಇಲ್ಲದಿದ್ದರೆ: ಜೆನೆಟಿಕ್ ಅಲ್ಗಾರಿದಮ್

ರಜೆಗೆ ಊರಿಗೆ ಹೊರಟಿದ್ದೀವಿ. 40 ಸಾಮಾನು ಇದೆ, ಬ್ಯಾಗಿನಲ್ಲಿ 15 ಕೆಜಿ ಮಾತ್ರ. ಯಾವುದನ್ನು ತುಂಬೋದು? ಪ್ರತಿ ಸಾಮಾನಿಗೂ ತುಂಬು ಅಥವಾ ಬಿಡು, ಹಾಗಾಗಿ ಒಟ್ಟು ಆಯ್ಕೆ 2ರ ಘಾತ 40, ಅಂದ್ರೆ ಸುಮಾರು 1.1 ಲಕ್ಷ ಕೋಟಿ. ಒಂದೊಂದನ್ನೇ ನೋಡೋ ಬದಲು ಜಾನ್ ಹಾಲೆಂಡ್ ತಮ್ಮ 1975ರ ಪುಸ್ತಕದಲ್ಲಿ ಹೇಳಿದ ದಾರಿ ಹಿಡಿಯಬಹುದು. 40 ಅಂಕಿಗಳ ಒಂದು ಸಾಲು ಒಂದು 'ಜೀವಿ': 1 ಇದ್ದರೆ ತುಂಬು, 0 ಇದ್ದರೆ ಬಿಡು. ಮೊದಲು 100 ಜೀವಿಗಳನ್ನು ಯಾದೃಚ್ಛಿಕವಾಗಿ ಹುಟ್ಟಿಸು. ಚೆನ್ನಾಗಿರೋದನ್ನು ಆರಿಸು, ಎರಡೆರಡನ್ನು ಬೆರೆಸು, ಆಗೊಂದು ಈಗೊಂದು ಅಂಕಿ ತಿರುಗಿಸು. ಇದನ್ನೇ ಮತ್ತೆ ಮತ್ತೆ ಮಾಡು.

'ಚೆನ್ನಾಗಿರೋದು' ಯಾವುದು ಅಂತ ಹೇಳೋದು ಫಿಟ್‌ನೆಸ್ ಫಂಕ್ಷನ್. ನಾವು ಇದನ್ನು ಬರೆಯುವಾಗ ಸಾಮಾನಿನ ಉಪಯೋಗವನ್ನು ಕೂಡಿಸಿದ್ವಿ, ಆದರೆ 15 ಕೆಜಿ ದಾಟಿದರೆ ಅಂಕ ಕಳೆಯೋದನ್ನು ಮರೆತ್ವಿ. ಅಲ್ಗಾರಿದಮ್ ಸ್ವಲ್ಪವೂ ಸಂಕೋಚ ಇಲ್ಲದೆ 40 ಸಾಮಾನನ್ನೂ ತುಂಬಿಸಿತು! ಅದರ ತಪ್ಪಲ್ಲ, ಕೇಳಿದ್ದನ್ನೇ ಕೊಟ್ಟಿದೆ. ನಾವು ಕೇಳಿದ್ದೇ ತಪ್ಪು.

ಸರಿಯಾಗಿ ಕೇಳಿದರೆ ಇದು ಅಚ್ಚರಿ ಹುಟ್ಟಿಸತ್ತೆ. 2006ರಲ್ಲಿ ಹಾರಿದ ನಾಸಾದ ಎಸ್‌ಟಿ5 ಉಪಗ್ರಹಗಳಲ್ಲಿ ಇಂಥ ವಿಕಾಸದ ವಿಧಾನದಿಂದ ವಿನ್ಯಾಸವಾದ ಆಂಟೆನಾ ಇತ್ತು. ನೋಡೋಕೆ ಸೊಟ್ಟ ತಂತಿಯ ಥರ ಇರೋ ಅದನ್ನು ಮನುಷ್ಯರು ಆ ಆಕಾರದಲ್ಲಿ ಯೋಚಿಸೋದೇ ಕಷ್ಟ.

ಹಾಗಾದ್ರೆ ಎಲ್ಲಿ ಬಳಸಬಾರದು?

ಪಿಜಿ ಮಟ್ಟದಲ್ಲಿ ಹೆಚ್ಚು ತೂಕ ಇರೋ ಪ್ರಶ್ನೆ ಇದು ಅಂತ ನಮಗೆ ಅನ್ನಿಸಿದೆ.

ಫಝಿಯಲ್ಲಿ ನಿಯಮಗಳು ಬೇಗ ಬೆಳೆಯುತ್ತವೆ. 5 ಇನ್‌ಪುಟ್, ಒಂದೊಂದಕ್ಕೂ 3 ಪದ ಇದ್ದರೆ 3ರ ಘಾತ 5, ಅಂದ್ರೆ 243 ನಿಯಮ. ಯಂತ್ರದ ಒಳ್ಳೆಯ ಗಣಿತ ಮಾದರಿ ಕೈಯಲ್ಲಿದ್ದರೆ ಮಾಮೂಲಿ ಪಿಐಡಿ ಕಂಟ್ರೋಲರೇ ಸಾಕಾಗಬಹುದು. ನ್ಯೂರಲ್ ನೆಟ್‌ವರ್ಕ್‌ಗೆ ಡೇಟಾ ಬೇಕು, ಮತ್ತೆ ಅದು ಯಾಕೆ ಆ ಉತ್ತರ ಕೊಟ್ಟಿತು ಅಂತ ಬಿಡಿಸಿ ಹೇಳೋದು ಕಷ್ಟ. ಜೆನೆಟಿಕ್ ಅಲ್ಗಾರಿದಮ್ ಒಳ್ಳೆಯ ಉತ್ತರ ಕೊಡಬಹುದು, ಅದೇ ಅತ್ಯುತ್ತಮ ಅನ್ನೋ ಗ್ಯಾರಂಟಿ ಕೊಡಲ್ಲ.

ಅದಕ್ಕೇ ಒಂದರ ಕೊರತೆಗೆ ಇನ್ನೊಂದನ್ನು ಜೋಡಿಸ್ತಾರೆ. ಜಾಂಗ್ 1993ರಲ್ಲಿ ಪ್ರಕಟಿಸಿದ ಆನ್ಫಿಸ್‌ನಲ್ಲಿ ನಿಯಮಗಳು ಫಝಿ, ಆದರೆ ತ್ರಿಕೋನ ಎಲ್ಲಿ ಶುರು ಎಲ್ಲಿ ಕೊನೆ ಅನ್ನೋ ಥರದ ಸಂಖ್ಯೆಗಳನ್ನು ನ್ಯೂರಲ್ ನೆಟ್‌ವರ್ಕ್ ಹಾಗೆ ಡೇಟಾದಿಂದ ಕಲಿಯತ್ತೆ. ನಮ್ಮ ಫ್ಯಾನಿನ 20, 25, 30 ನಾವು ಅಂದಾಜಿನಲ್ಲಿ ಇಟ್ಟಿದ್ದು. ಹಾಸ್ಟೆಲ್‌ನವರನ್ನು ಕೇಳಿ ಡೇಟಾ ತಗೊಂಡಿದ್ದರೆ ಅವು ಬೇರೆ ಆಗುತ್ತಿದ್ದವೇನೋ.

ಇನ್ನೊಂದು ಮಾತು. ವೋಲ್ಪರ್ಟ್ ಮತ್ತು ಮ್ಯಾಕ್‌ರೆಡಿ 1997ರಲ್ಲಿ ಸಾಧಿಸಿದ 'ನೋ ಫ್ರೀ ಲಂಚ್' ಪ್ರಮೇಯದ ಸಾರ ಹೀಗೆ: ಸಾಧ್ಯವಿರೋ ಎಲ್ಲಾ ಸಮಸ್ಯೆಗಳ ಮೇಲೆ ಸರಾಸರಿ ನೋಡಿದರೆ ಯಾವ ಹುಡುಕಾಟದ ಅಲ್ಗಾರಿದಮ್ಮೂ ಇನ್ನೊಂದಕ್ಕಿಂತ ಮೇಲಲ್ಲ. ಆದ್ದರಿಂದ "ನಮ್ಮ ಮೆಥಡ್ ಬೆಸ್ಟ್" ಅಂತ ಬರೆದಾಗ, ಯಾವ ಸಮಸ್ಯೆಗೆ, ಯಾವುದರ ಎದುರು ಅಂತಲೂ ಬರೆಯಬೇಕು.

ಓದೋದು ಹೇಗೆ?

ನಾವು ಈಗ ಅನುಸರಿಸ್ತಾ ಇರೋ ಕ್ರಮ ಇದು. ಮೊದಲು ಚಿಕ್ಕ ಲೆಕ್ಕ ಕೈಯಲ್ಲಿ. ಆಮೇಲೆ ಅದೇ ಲೆಕ್ಕಕ್ಕೆ ಲೈಬ್ರರಿ ಇಲ್ಲದೆ 30–40 ಸಾಲಿನ ಪೈಥಾನ್. ಎರಡೂ ಉತ್ತರ ಒಂದೇ ಬಂದ ಮೇಲೆ ಲೈಬ್ರರಿ. ಜೊತೆಗೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಖರಗ್‌ಪುರದ ಸಾಫ್ಟ್ ಕಂಪ್ಯೂಟಿಂಗ್ ಪಾಠಗಳಿವೆ, ಉಚಿತವಾಗಿ ನೋಡಬಹುದು. ಗಣಿತದಲ್ಲಿ ಲೀನಿಯರ್ ಆಲ್ಜೀಬ್ರಾ, ಪಾರ್ಶಿಯಲ್ ಡಿಫರೆನ್ಶಿಯೇಶನ್, ಪ್ರಾಬಬಿಲಿಟಿ ಗಟ್ಟಿ ಇದ್ದರೆ ಅರ್ಧ ಭಯ ಹೋಗತ್ತೆ. ಇವು ಮೂರೂ ನಮ್ಮ ಗಣಿತ ಪೇಪರ್‌ಗಳಲ್ಲೇ ಇವೆ, ಪಾಸಾಗೋಕೆ ಮಾತ್ರ ಓದಿ ಬಿಡಬೇಡಿ.

ಯಾವ ಪ್ರಾಜೆಕ್ಟ್ ಆದರೂ ಡೆಮೋಗೆ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಸ್ಕ್ರೀನ್ ಮೇಲಿರೋ ಪ್ರತಿ ಸಂಖ್ಯೆಯ ಅರ್ಥ ಗೊತ್ತಾ? ಅದು ಎಲ್ಲಿಂದ ಬಂತು ಅಂತ ಕೈಯಲ್ಲಿ ತೋರಿಸೋಕಾಗತ್ತಾ? ಇದಕ್ಕಿಂತ ಸರಳ ವಿಧಾನ ಸಾಕಾಗುತ್ತಿತ್ತಾ? ನಮ್ಮ ಫ್ಯಾನಿಗೆ ಅವತ್ತು ಮೂರಕ್ಕೂ ಉತ್ತರ ಇರಲಿಲ್ಲ. ಈ ಸೆಮಿಸ್ಟರ್ ಅದೇ ಫ್ಯಾನನ್ನು ಮತ್ತೆ ಮಾಡ್ತಾ ಇದ್ದೀವಿ, ಗಾಳಿಯ ತೇವಾಂಶವನ್ನೂ ಸೇರಿಸಿ. ಮಾರ್ಕ್ಸ್ ಸಿಗಲ್ಲ, ಆದರೂ ಮಾಡ್ತಾ ಇದ್ದೀವಿ.

ಕೊನೆಗೆ ನಿಮಗೊಂದು ಲೆಕ್ಕ: ರೂಮಿನಲ್ಲಿ 23 ಡಿಗ್ರಿ ಇದ್ದರೆ ಮೇಲಿನ ನಿಯಮಗಳ ಪ್ರಕಾರ ಫ್ಯಾನ್ ಎಷ್ಟು ಸುತ್ತು ತಿರುಗಬೇಕು? ಉತ್ತರ 160 ಬರಬೇಕು. ಬರದಿದ್ದರೆ ತಂಪಿನ ಗೆರೆಯನ್ನು ಇನ್ನೊಮ್ಮೆ ನೋಡಿ.