ಪದ ಸಿಗದವರಿಗೆ ಜೊತೆ ಬೇಕು

ಪಾರ್ಶ್ವವಾಯುವಿನ ನಂತರ ಮನೆಯ ಹಿರಿಯರು ಚಾವಿ ಕೇಳಲು ಹೋಗಿ ‘ಕಾಫಿ, ಕಾಫಿ’ ಎಂದರೆ ಬುದ್ಧಿ ಕೆಟ್ಟಿತೆಂದು ತಿಳಿಯಬೇಡಿ. ಅದು ಅಫೇಸಿಯಾ ಇರಬಹುದು: ಮನಸ್ಸಿನಲ್ಲಿದ್ದದ್ದಕ್ಕೆ ಪದ ಸಿಗುವುದಿಲ್ಲ. ಕೆಲವರಿಗೆ ಕೇಳಿದ್ದು ಅರ್ಥವಾಗುವುದೂ ಕಷ್ಟ.

ಕೊಚ್ಚಿ, ತಿರುವನಂತಪುರದಲ್ಲಿ ನೆಲೆಸಿದ ನಮ್ಮವರು ಒಂದನ್ನು ಮರೆಯಬಾರದು. ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡವೋ ತುಳುವೋ ಆಡುತ್ತಿದ್ದವರಿಗೆ ಎರಡು ಭಾಷೆಗಳೂ ಒಂದೇ ಸಮನಾಗಿ ಮರಳದಿರಬಹುದು. ಅವರು ಆಡುತ್ತಿದ್ದ ಭಾಷೆಗಳು ಯಾವುವು ಎಂಬುದನ್ನು ವಾಕ್‌ಚಿಕಿತ್ಸಕರಿಗೆ ಮೊದಲ ದಿನವೇ ಹೇಳಿ. ತಿರುವನಂತಪುರದ ಆಕ್ಕುಳಂನಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ ‘ನಿಷ್’ ಇದೆ, 1997ರಲ್ಲಿ ಶುರುವಾದದ್ದು. ಕನ್ನಡದಲ್ಲೇ ಚಿಕಿತ್ಸೆ ಬೇಕಿದ್ದರೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ‘ಆಯಿಷ್’ ಇದೆ. ಹೋದಲ್ಲೆಲ್ಲ ಗುಂಪು ಚಿಕಿತ್ಸೆ ಉಂಟೇ ಎಂದು ವಿಚಾರಿಸಿ. ತನ್ನಂತೆಯೇ ತಡವರಿಸುವವರ ನಡುವೆ ಸಂಕೋಚ ಕಳೆಯುತ್ತದೆ, ಸನ್ನೆ, ಚಿತ್ರ, ಬರಹ ಎಲ್ಲವೂ ಮಾತಾಗುತ್ತವೆ. ಅಲ್ಲಿ ಅವರ ಪರವಾಗಿ ನೀವು ಉತ್ತರಿಸಬೇಡಿ, ದಯವಿಟ್ಟು ಕಾಯಿರಿ.